ನಡುಮನೆಗೆ ಬಾರದ ಕರುಳಿನ ತಂತಿ

ನಮ್ಮ ಮನೆಯವರ ಉದ್ಯೋಗದ ಹೆಸರು ಕೇಳಿದ ದಿನ ನಮ್ಮಜ್ಜ ಬಾಯಲ್ಲಿದ್ದ ಎಲೆಅಡಿಕೆ ಉಗುಳಿ ಬಂದು ಮತ್ತೊಮ್ಮೆ ಕೇಳಿದರು. ದೇಶಕ್ಕೆ ಸ್ವಾತಂತ್ರ್ಯ ಬಂದ ಮರುವರ್ಷ ಅದು. ನಂಜನಗೂಡಿನ ಹತ್ತಿರದ ನಮ್ಮೂರಿಗೆ ನನ್ನನ್ನು ನೋಡಲು ಮೈಸೂರಿನಿಂದ ಬಂದಿದ್ದರು. ಹುಡುಗ ಮಂಡಿ ಮೊಹಲ್ಲಾದ ಬೆಲ್ಲದ ವ್ಯಾಪಾರಸ್ಥರ ಮನೆಯ ಕಿರಿಯವನು, ತಂದೆ ಇಲ್ಲ, ಅಣ್ಣ ಅಂಗಡಿ ನೋಡಿಕೊಳ್ಳುತ್ತಾರೆ, ಹುಡುಗನಿಗೆ ಅರಮನೆಯಲ್ಲಿ ಕೆಲಸ. ನಮಗೆ ಗೊತ್ತಿದ್ದದ್ದು ಇಷ್ಟೇ. ನಾನು ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೆ.

"ಅರಮನೇಲಿ ಏನ್ ಕೆಲಸ ಹುಡುಗಂದು?" ಎಂದರು ಅಜ್ಜ.

"ವಾದ್ಯ ಬಾರ್ಸೋದು," ಎಂದರು ಹುಡುಗನ ಅಣ್ಣ.

"ಓಲಗವಾ?"

"ಅಲ್ಲ, ಇಂಗ್ಲಿಷ್ ವಾದ್ಯ. ಚೆಲ್ಲೋ."

"ಏನನ್ನ ಚೆಲ್ಲೋದು?"

"ಚೆಲ್ಲೋದಲ್ಲ ಯಜಮಾನ್ರೇ. ಅದರ ಹೆಸರೇ ಚೆಲ್ಲೋ."

ಉಗುಳಿ ಬಂದದ್ದು ಆಗಲೇ. "ಹೆಸರಿಡೋ ಪುಣ್ಯಾತ್ಮನಿಗೆ ಬೇರೆ ಏನೂ ಸಿಗಲಿಲ್ವಾ? ಬಾರ್ಸೋಕೆ ಮುಂಚೇನೇ ಚೆಲ್ಲೋ ಅಂದ್ಬುಟ್ರೆ ಉಳಿಯೋದೇನು?"

ಅಲ್ಲಿಯತನಕ ತಲೆ ತಗ್ಗಿಸಿ ಕೂತಿದ್ದ ಹುಡುಗ ಆಗ ಬಾಯಿ ಬಿಟ್ಟರು. "ಪಿಟೀಲಿನ ದೊಡ್ಡಣ್ಣ ಅಂದ್ಕೊಳ್ಳಿ ಅಜ್ಜ. ಕುರ್ಚಿ ಮೇಲೆ ಕೂತ್ಕೊಂಡು, ಮೊಣಕಾಲ ನಡುವೆ ಇಟ್ಕೊಂಡು, ಕಮಾನಿನಲ್ಲಿ ಬಾರ್ಸೋದು."

ಒಳಗಿನಿಂದ ನಮ್ಮಜ್ಜಿ, "ಮೊಣಕಾಲ ನಡುವೆಯಾ? ಹಾಲು ಕರೆಯೋ ಚೊಂಬಿನಂಗೆ?" ಎಂದು ಕೇಳಿಯೇಬಿಟ್ಟಳು. ಎಲ್ಲರಿಗಿಂತ ಮೊದಲು ನಕ್ಕದ್ದು ಆ ಹುಡುಗನೇ. ತನ್ನ ಕಸುಬಿನ ಮೇಲೆ ಬಿದ್ದ ಹಾಸ್ಯಕ್ಕೆ ತಾನೇ ನಗಬಲ್ಲ ಗಂಡಸು ಹೊಡೆಯುವವನಲ್ಲ ಎಂದು ನನಗೆ ಅನ್ನಿಸಿತು. ಆ ಲೆಕ್ಕ ತಪ್ಪಲಿಲ್ಲ. ತಪ್ಪಿದ ಲೆಕ್ಕಗಳು ಬೇರೆ ಇವೆ.

ಮಂಡಿ ಮೊಹಲ್ಲಾದ ಆ ಮನೆ ರೈಲುಡಬ್ಬಿಯ ಹಾಗೆ ಉದ್ದಕ್ಕಿತ್ತು. ಬೀದಿಗೆ ಅಂಗಡಿ, ಅದರ ಬೆನ್ನಿಗೆ ಬೆಲ್ಲ ಪೇರಿಸುವ ಕೋಣೆ, ಆಮೇಲೆ ನಡುಮನೆ, ಅಡುಗೆಮನೆ, ಹಿತ್ತಲು. ಅಕ್ಕಿ ತುಂಬಿದ ಪಾವನ್ನು ಒದ್ದು ನಾನು ಒಳಗೆ ಬಂದ ದಿನ ಊರಿನವರೆಲ್ಲ ನಡುಮನೆಗೆ ಬಂದರು. ಚೆಲ್ಲೋ ಮಾತ್ರ ಬರಲಿಲ್ಲ. ಕಪ್ಪು ಮರದ ಪೆಟ್ಟಿಗೆಯೊಳಗೆ, ಬೆಲ್ಲದ ಕೋಣೆಯ ಮೂಲೆಯಲ್ಲಿ, ಹೊಸ್ತಿಲು ದಾಟಲು ಅಪ್ಪಣೆಯಿಲ್ಲದ ಇನ್ನೊಬ್ಬ ಸೊಸೆಯ ಹಾಗೆ ಗೋಡೆಗೊರಗಿ ನಿಂತಿತ್ತು.

ಕಾರಣವನ್ನು ಮಾರನೆಯ ಬೆಳಿಗ್ಗೆ ನಮ್ಮತ್ತೆಯೇ ಹೇಳಿದರು. "ಅದಕ್ಕೆ ಕಟ್ಟಿರೋದು ಕುರಿ ಕರುಳು ಕಣವ್ವ. ಒಣಗಿಸಿ, ಹೊಸೆದು, ತಂತಿ ಮಾಡಿರ್ತಾರೆ. ನಮ್ಮದು ಕೊರಳಲ್ಲಿ ಲಿಂಗ ಇರೋ ಮನೆ. ಕಸ ಹೊಡೆಯೋವಾಗ ಅದನ್ನ ಮುಟ್ಟಿದ್ರೆ ಕೈಕಾಲು ತೊಳ್ಕೊಂಡು, ಈಬತ್ತಿ ಇಟ್ಕೊಂಡು ಒಳಗೆ ಬಾ."

ಅತ್ತೆ ಕೆಟ್ಟವರಲ್ಲ. ಈ ಮಾತನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಮುಂದಿನದ್ದನ್ನು ಓದುವವರು ಅವರ ಮೇಲೆ ಹರಿಹಾಯುತ್ತಾರೆ. ಮೂರು ಹೊತ್ತು ಲಿಂಗಪೂಜೆ ಮಾಡುತ್ತಿದ್ದರು, ನನಗೆ ಮೈ ಬಿಸಿಯಾದರೆ ಹಣೆಯ ಮೇಲೆ ಕೈಯಿಟ್ಟು ಪಕ್ಕದಲ್ಲೇ ಕೂತಿರುತ್ತಿದ್ದರು. ನಾನು ಇವತ್ತು ಆಡುವ ನುಡಿಯಲ್ಲಿ ಅರ್ಧ ನಮ್ಮಜ್ಜಿಯದು, ಇನ್ನರ್ಧ ಅವರದು. ಕಿರಿಯ ಮಗನೆಂದರೆ ಅವರಿಗೆ ಪ್ರಾಣ. ಆ ಮಗ ಕಟ್ಟಿಕೊಂಡ ಕರುಳು ಮಾತ್ರ ಆಗದು.

ಮಗ ಅದನ್ನು ಕಟ್ಟಿಕೊಂಡ ಕಥೆಯೂ ತಮಾಷೆಯದೇ. ಸ್ಕೂಲಿನಲ್ಲಿ ಪಿಟೀಲು ಕಲಿಯುತ್ತಿದ್ದ ಇವರನ್ನು ಯಾರೋ ಅರಮನೆಯ ವಾದ್ಯಮೇಳಕ್ಕೆ ಸೇರಿಸಲು ಕರೆದುಕೊಂಡು ಹೋದರಂತೆ. ಅಲ್ಲಿ ಪರದೇಶದ ಮೇಷ್ಟರೊಬ್ಬರಿದ್ದರು, ಯಾದವಗಿರಿಯ ಬಂಗಲೆಯಲ್ಲಿ ಒಂಟಿಯಾಗಿ ಇದ್ದವರು. ಇವರು ಪಿಟೀಲು ಎತ್ತಿಕೊಳ್ಳುವ ಮೊದಲೇ, "ಕೈ ತೋರಿಸು," ಎಂದರಂತೆ. ಇವರು ಶಾಸ್ತ್ರ ಹೇಳುವವರಿಗೆ ತೋರಿಸುವ ಹಾಗೆ ಅಂಗೈ ಚಾಚಿದರೆ, ಮೇಷ್ಟರು ಅದನ್ನು ಬೋರಲು ಮಾಡಿ, ಬೆರಳುಗಳನ್ನು ಹಿಗ್ಗಿಸಿ ನೋಡಿ, "ಈ ಕೈಗೆ ಪಿಟೀಲು ಸಾಲದು," ಎಂದು ಚೆಲ್ಲೋ ತಂದು ಮುಂದಿಟ್ಟರಂತೆ. ಸ್ವಾತಂತ್ರ್ಯ ಬಂದ ಮೇಲೆ ಆ ಮೇಷ್ಟರು ತಮ್ಮ ದೇಶಕ್ಕೆ ಹೊರಟುಹೋದರು. ಹೋಗುವಾಗ ತಮ್ಮ ಸ್ವಂತದ್ದನ್ನೇ ಇವರಿಗೆ ಕೊಟ್ಟು ಹೋದರು. ಬೆಲ್ಲದ ಕೋಣೆಯಲ್ಲಿದ್ದದ್ದು ಅದು.

ಬೆಳಗಿನ ಕಾಫಿ ಆದ ಕೂಡಲೇ ಇವರು ಆ ಕೋಣೆಯಲ್ಲಿ ಅಭ್ಯಾಸಕ್ಕೆ ಕೂರುತ್ತಿದ್ದರು. ಕೋಣನ ಮುಂದೆ ಕಿನ್ನರಿ ಅನ್ನುತ್ತಾರಲ್ಲ, ಆ ಕೋಣ ನಾನೇ. ರಾಗ ಗೊತ್ತಿಲ್ಲ, ತಾಳ ಗೊತ್ತಿಲ್ಲ. ಆದರೂ ಅದರ ಕೆಳಗಿನ ಸ್ವರ ನೆಲದ ಕಲ್ಲಿನೊಳಗಿಂದ ಬಂದು ನನ್ನ ಅಂಗಾಲಿಗೆ ಮೊದಲು ತಾಗುತ್ತಿತ್ತು, ಕಿವಿಗೆ ಆಮೇಲೆ. ರಾಗಿ ಬೀಸುತ್ತಾ ಕೂತವಳು ಕೈ ನಿಲ್ಲಿಸಿದರೆ ಅತ್ತೆ, "ಬೀಸು ಬೀಸು, ಅದು ಇವತ್ತಿಗೆ ನಿಲ್ಲಲ್ಲ," ಎನ್ನುತ್ತಿದ್ದರು.

ಎದುರು ಸಾಲಿನಲ್ಲಿ ಹಾಸಿಗೆ ಹೊಲಿಯುವ ಪಿಂಜಾರ ಸಾಹೇಬರ ಅಂಗಡಿ. ಹತ್ತಿ ಎಕ್ಕುವ ಅವರ ದೊಡ್ಡ ಬಿಲ್ಲಿಗೂ ಕರುಳಿನದೇ ಹುರಿ. ಇವರು ಅರಮನೆಗೆ ಹೊರಟಾಗಲೆಲ್ಲ ಅವರದೊಂದು ಕೀಟಲೆ.

"ಏನ್ ಸ್ವಾಮಿ, ನಿಮ್ದೂ ನಮ್ದೂ ಒಂದೇ ಕುರಿ. ನಮ್ದು ಹತ್ತಿ ಬಿಡ್ಸುತ್ತೆ. ನಿಮ್ದು ಏನ್ ಬಿಡ್ಸುತ್ತೆ?"

"ನೆರೆಹೊರೆಯವರ ನಿದ್ದೆ ಸಾಹೇಬ್ರೇ!"

"ಅದಕ್ಕೇ ನೋಡಿ, ನಿದ್ದೆ ಹೋದೋರೆಲ್ಲ ನನ್ನ ಹತ್ರ ಹಾಸಿಗೆ ಮಾಡ್ಸೋಕೆ ಬರ್ತಾರೆ. ದಿನಾ ಬಾರ್ಸಿ!"

ಹೀಗೆ ನಗುತ್ತಲೇ ಕೆಲವು ವರ್ಷ ಕಳೆದವು. ಆಮೇಲೆ ಅರಮನೆಯಲ್ಲಿ ಸಂಗೀತದ ಸಂಜೆಗಳು ಕಡಿಮೆಯಾಗುತ್ತಾ ಬಂದವು. ಕಾಲವೇ ಬದಲಾಗಿತ್ತು, ಯಾರನ್ನು ದೂರೋಣ? ಮೇಳದಲ್ಲಿದ್ದವರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಕೆಲವರು ಮದ್ರಾಸಿಗೆ, ಕೆಲವರು ಮುಂಬಯಿಗೆ, ಸಿನಿಮಾದವರ ಹತ್ತಿರ. ಇವರ ಪಕ್ಕದ ಕುರ್ಚಿಯಲ್ಲಿ ಪಿಟೀಲು ಬಾರಿಸುತ್ತಿದ್ದ ಜೊತೆಗಾರ ಮುಂಬಯಿಗೆ ಹೊರಟಾಗ ನಮ್ಮ ಅಂಗಡಿಯ ಮೆಟ್ಟಿಲ ಮೇಲೆ ಕೂತು ಬಹಳ ಹೇಳಿದ.

"ಬಾರಯ್ಯ. ಅಲ್ಲಿ ಚೆಲ್ಲೋ ಬಾರ್ಸೋರು ಸಿಕ್ಕೋದೇ ಇಲ್ಲ. ಹೋದ ದಿನವೇ ಕೆಲಸ."

"ಅವ್ವನ್ನ ಬುಟ್ಟು ಎಂಗೆ ಬರ್ಲಿ?"

"ಅವ್ವನ್ನೂ ಕರ್ಕೊಂಬಾ."

"ಅವ್ವ ಚಾಮುಂಡಿಬೆಟ್ಟ ಕಾಣದ ಊರಲ್ಲಿ ನೀರು ಕುಡಿಯಲ್ಲ ಕಣೋ."

ಅವನು ಹೋದ. ಉಳಿದವರನ್ನು ಕವಾಯತಿನ ಬ್ಯಾಂಡಿಗೆ ಸೇರಿಸುತ್ತಾರೆಂದು ಸುದ್ದಿ ಬಂತು. ತುತ್ತೂರಿ ಊದುವವರು, ಡೋಲು ಹೊಡೆಯುವವರು ನಡೆದುಕೊಂಡು ಬಾರಿಸಬಹುದು. ಚೆಲ್ಲೋ ಹಿಡಿದು ನಡೆಯುವುದು ಹೇಗೆ? ಇವರ ಅಣ್ಣ, ನಮ್ಮ ಭಾವನವರು, "ಕುರ್ಚಿ ಸಮೇತ ನಾಲ್ಕು ಜನ ಹೊತ್ಕೊಂಡು ಹೋಗಬೇಕು, ಪಲ್ಲಕ್ಕಿ ಉತ್ಸವದಂಗೆ," ಎಂದು ಊಟದ ಹೊತ್ತಿಗೆ ನಗೆಯಾಡಿದರು. ಎಲ್ಲರೂ ನಕ್ಕೆವು. ಇವರೂ ನಕ್ಕರು, ಆದರೆ ಅನ್ನ ಬಿಟ್ಟು ಎದ್ದರು. ನಡೆದು ಬಾರಿಸಲಾಗದವರಿಗೆ ತಾಳ ಬಡಿಯುವ ಕೆಲಸ ಕೊಡುತ್ತೇವೆ ಎಂದು ಆ ಬೆಳಿಗ್ಗೆ ಅರಮನೆಯಲ್ಲಿ ಹೇಳಿದ್ದರಂತೆ.

ಬೆಲ್ಲದ ಅಂಗಡಿಯಲ್ಲಿ ಇಬ್ಬರು ಅಣ್ಣತಮ್ಮಂದಿರಿಗೆ ಆಗುವಷ್ಟು ಕೆಲಸ ಇರಲಿಲ್ಲ. ಭಾವನವರೇ ದಾರಿಯೊಂದನ್ನು ಹುಡುಕಿದರು. ನಮ್ಮ ಮಠದ ಬುದ್ಧಿಯವರು, ಅಂದರೆ ಸ್ವಾಮಿಗಳು, ಊರಿನಲ್ಲಿ ಸ್ಕೂಲು ನಡೆಸುತ್ತಿದ್ದರು. ಅಲ್ಲಿಗೆ ಸಂಗೀತದ ಮೇಷ್ಟರು ಬೇಕಾಗಿದ್ದರು. ಶ್ರಾವಣದಲ್ಲಿ ಬುದ್ಧಿಯವರು ನಮ್ಮ ಮನೆಗೆ ಪಾದಪೂಜೆಗೆ ಬರುವುದಿತ್ತು.

"ಅವತ್ತು ಅವರ ಮುಂದೆ ನಿನ್ನ ಚೆಲ್ಲೋದಲ್ಲಿ ಒಂದೆರಡು ವಚನ ನುಡಿಸು," ಎಂದರು ಭಾವ. "ಬುದ್ಧಿಯೋರಿಗೆ ಹಿಡಿಸಿದ್ರೆ ಮೇಷ್ಟ್ರು ಕೆಲಸ ನಿಂದೇ. ಮಕ್ಕಳಿಗೆ ಪಿಟೀಲು ಕಲಿಸು, ದೊಡ್ಡವಕ್ಕೆ ಇದನ್ನೂ ಕಲಿಸು. ಯಾರು ಬೇಡ ಅಂತಾರೆ?"

ಇವರ ಮುಖದ ಮೇಲೆ ಎಷ್ಟೋ ತಿಂಗಳಿಂದ ಕಾಣದ ಗೆಲುವು ಬಂತು. ಮೈಸೂರಿನಲ್ಲಿ ಇನ್ನೊಂದು ತಲೆಮಾರಿಗೆ ಇದನ್ನು ಕಲಿಸಬಹುದು, ತನ್ನ ಕೈಯಲ್ಲೂ ಇದು ನಿಲ್ಲದೆ ಸಾಗಬಹುದು ಎಂಬ ಆಸೆ. ಆ ಕೆಲಸ ಸಿಗದಿದ್ದರೆ ಚೆಲ್ಲೋ ಅಲ್ಲಿಗೆ ಮುಗಿಯಿತು. ನಮಗೆಲ್ಲ ಅದು ಗೊತ್ತಿತ್ತು.

ಇಂಗ್ಲಿಷ್ ಸಂಗೀತದ ಕಾಗದಗಳನ್ನು ಕಟ್ಟಿಟ್ಟು, ಅತ್ತೆ ಪೂಜೆಯಲ್ಲಿ ಹಾಡಿಕೊಳ್ಳುತ್ತಿದ್ದ ವಚನಗಳ ಧಾಟಿಯನ್ನು ಇವರು ಅಭ್ಯಾಸ ಮಾಡತೊಡಗಿದರು. ಅತ್ತೆ ಮೊದಲ ಸಲ ಬೆಲ್ಲದ ಕೋಣೆಯ ಬಾಗಿಲಿಗೆ ಬಂದು ನಿಂತದ್ದು ಆಗ. ಹೊಸ್ತಿಲಿನ ಈಚೆಗೇ ನಿಂತರು. ತಮ್ಮದೇ ಹಾಡು, ತಮಗಿಂತ ತಗ್ಗಿನ ದನಿಯಲ್ಲಿ, ಮರದ ಹೊಟ್ಟೆಯಿಂದ ಬರುತ್ತಿತ್ತು. ಸೆರಗಿನಿಂದ ಕಣ್ಣೊರೆಸಿಕೊಂಡರು.

"ಇದು ಅಳುತ್ತಲ್ಲೋ ಮಗ."

"ಅಳಲ್ಲ ಅವ್ವ. ಹಾಡುತ್ತೆ."

"ಇಷ್ಟು ವರ್ಷ ಹೇಳೇ ಇಲ್ಲವಲ್ಲ ನೀನು!"

"ನೀನು ಕೇಳೇ ಇಲ್ಲ."

ಆ ಕ್ಷಣದಿಂದಲೇ ಅತ್ತೆಗೆ ಚಿಂತೆ ಹತ್ತಿತು. ಇಷ್ಟು ಚೆನ್ನಾಗಿ ಹಾಡುವ ವಸ್ತುವನ್ನು ಬುದ್ಧಿಯವರ ಮುಂದೆ, ನಡುಮನೆಯಲ್ಲಿ ಇಡಬೇಕು. ಆದರೆ ಅದಕ್ಕೆ ಕಟ್ಟಿರುವುದು ಕರುಳು. ನೆಂಟರಲ್ಲಿ ಯಾರಾದರೂ ಕೇಳಿಬಿಟ್ಟರೆ? ಬುದ್ಧಿಯವರಿಗೇ ಗೊತ್ತಾದರೆ ಕೆಲಸ ಹೋಗಲಿ, ಮನೆಯ ಮಾನ ಉಳಿದೀತೇ?

"ತಂಬೂರಿಗೆ ಹಾಕೋ ಉಕ್ಕಿನ ತಂತೀನೇ ಇದಕ್ಕೂ ಹಾಕ್ಸಬಾರದಾ?" ಎಂದು ಒಂದು ದಿನ ಕೇಳಿದರು.

"ಹಳೇ ಮರ ಅವ್ವ, ಉಕ್ಕಿನ ಬಿಗಿ ತಡೆಯಲ್ಲ. ಈ ಕರುಳು ಈಗ ನಮ್ಮ ದೇಶಕ್ಕೆ ಬರ್ತಾನೂ ಇಲ್ಲ. ಮೇಷ್ಟ್ರು ಕೊಟ್ಟು ಹೋದದ್ದನ್ನೇ ಜೋಪಾನ ಮಾಡ್ತಿದ್ದೀನಿ. ನಾನು ಬೆಲ್ಲದ ಕೋಣೇಲೇ ಕೂತು ನುಡಿಸ್ತೀನಿ, ಬಾಗಿಲು ತೆಗೆದಿರಲಿ. ಬುದ್ಧಿಯೋರಿಗೆ ಅಲ್ಲಿಗೇ ಕೇಳುತ್ತೆ."

"ಹೂಂ," ಎಂದರು ಅತ್ತೆ. ಆ "ಹೂಂ" ಒಪ್ಪಿಗೆಯದು ಎಂದು ನಾವು ತಿಳಿದೆವು. ಮಗ ಬುದ್ಧಿಯವರ ಎದುರಿಗೆ ಕೂರದೆ ಬೆಲ್ಲದ ಚೀಲಗಳ ನಡುವೆ, ಹೊರಗಿನವನ ಹಾಗೆ ಕೂರುವುದನ್ನು ಆ ತಾಯಿ ಹೇಗೆ ಸಹಿಸಿಯಾರು?

ಪಾದಪೂಜೆಯ ಹಿಂದಿನ ದಿನ ಇವರು ಅರಮನೆಗೆ ಹೋಗಿದ್ದರು. ನಾನು ಹೋಳಿಗೆಯ ಹೂರಣ ರುಬ್ಬುತ್ತಿದ್ದೆ. ತಂಬೂರಿ, ಹಾರ್ಮೋನಿಯಂ ರಿಪೇರಿ ಮಾಡುವವನೊಬ್ಬನನ್ನು ಅತ್ತೆ ಕರೆಸಿದ್ದರು. ಅವನು ಬೆಲ್ಲದ ಕೋಣೆಯಲ್ಲಿ ಪೆಟ್ಟಿಗೆ ತೆರೆದ ಸದ್ದು ಕೇಳಿ ನಾನು ಎದ್ದು ಬಂದೆ.

"ಅತ್ತೆ, ಅವರು ಬಂದುಬಿಡಲಿ."

"ನೀ ಸುಮ್ನಿರವ್ವ. ಅವನಿಗೆ ಹೇಳಿದ್ರೆ ಬೇಡ ಅಂತಾನೆ. ಬಂದು ನೋಡಿದ ಮೇಲೆ ಖುಷಿ ಪಡ್ತಾನೆ."

ಸೊಸೆಯ ಮಾತು ಅಷ್ಟಕ್ಕೇ ನಿಲ್ಲುವ ಕಾಲ ಅದು. ನಾನು ರುಬ್ಬುಗುಂಡಿನ ಹತ್ತಿರಕ್ಕೆ ವಾಪಸು ಹೋದೆ. ಆ ಮನುಷ್ಯ ನಾಲ್ಕೂ ಕರುಳನ್ನು ಒಟ್ಟಿಗೇ ಕತ್ತರಿಸಿ ತೆಗೆದ. ಹೊಸ ಉಕ್ಕಿನ ತಂತಿ ಬಿಗಿದ. ಹೋಗುವಾಗ ಹೇಳಿದ, "ಒಳಗೆ ಯಾವುದೋ ಕಡ್ಡಿ ಬಿದ್ಕೊಂಡು ಗಡಗಡ ಅಂತಿತ್ತು ಕಣಮ್ಮ. ಬೋರಲು ಹಾಕಿ ಅಲ್ಲಾಡ್ಸಿ ತೆಗೆದ್ಹಾಕಿದ್ದೀನಿ. ಈಗ ಸದ್ದಿಲ್ಲ."

ಅತ್ತೆ ಅವನಿಗೆ ಒಂದು ಅಚ್ಚು ಬೆಲ್ಲ ಕಟ್ಟಿಕೊಟ್ಟರು.

ಆಮೇಲೆ ಅವರು ಮಾಡಿದ್ದನ್ನು ನಾನು ಮರೆತಿಲ್ಲ. ಸ್ನಾನ ಮಾಡಿ ಬಂದು, ಆವರೆಗೆ ಬೆರಳಿನಿಂದಲೂ ಮುಟ್ಟದಿದ್ದ ಆ ವಾದ್ಯವನ್ನು ಮಗುವಿನ ಹಾಗೆ ಎರಡೂ ತೋಳಿನಲ್ಲಿ ಎತ್ತಿಕೊಂಡರು. ಹೊಸ್ತಿಲು ದಾಟಿಸಿದರು. ನಡುಮನೆಯಲ್ಲಿ ಮಣೆಯ ಮೇಲೆ ನಿಲ್ಲಿಸಿ, ಅದರ ಹೊಟ್ಟೆಯ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದರು. "ಇನ್ನು ನೀನೂ ಒಳಗಿನವನೇ," ಎಂದರು.

ಇವರು ಸಂಜೆ ಬಂದಾಗ ಅತ್ತೆ ಬಾಗಿಲಲ್ಲೇ ಕಾದಿದ್ದರು. ಕೈ ಹಿಡಿದು ಒಳಗೆ ಕರೆತಂದರು. ಇವರು ಮಣೆಯ ಮೇಲಿದ್ದುದನ್ನು ನೋಡಿದರು, ಅವ್ವನ ಮುಖವನ್ನು ನೋಡಿದರು. ಹಬ್ಬದ ದಿನ ಹೊಸ ಬಟ್ಟೆ ಹಾಕಿಕೊಂಡ ಮಗುವಿನ ಮುಖವಾಗಿತ್ತು ಅದು.

"ಹೇಗಿದೆ ಮಗ?"

"ಚೆನ್ನಾಗಿದೆ ಅವ್ವ," ಎಂದರು. ಆಮೇಲೆ ಬಗ್ಗಿ, ವಾದ್ಯದ ಹೊಟ್ಟೆಯಲ್ಲಿ ಸೀಳಿದ ಹಾಗಿರುವ ಕಂಡಿಯೊಳಗೆ ಕಣ್ಣಿಟ್ಟು ನೋಡಿದರು. ನನ್ನನ್ನು ಹಿತ್ತಲಿಗೆ ಕರೆದರು.

"ಒಳಗೊಂದು ಕಡ್ಡಿ ಇತ್ತು. ಎಲ್ಲಿ?"

ನಾನು ಹೇಳಿದೆ. ಇವರು ತಲೆಯ ಮೇಲೆ ಕೈ ಹೊತ್ತು ಕಲ್ಲಿನ ಮೇಲೆ ಕೂತರು. ಆ ಕಡ್ಡಿಗೆ ಅಂಟಿಲ್ಲ, ಮೊಳೆಯಿಲ್ಲ. ತಂತಿಯ ಬಿಗಿಗೆ ಮೇಲಿನ ಹಲಗೆ ಕುಸಿಯದ ಹಾಗೆ ಒಳಗಿನಿಂದ ಆನಿಸಿ ನಿಲ್ಲುವುದು ಅದೊಂದೇ. ಎಲ್ಲ ತಂತಿಯನ್ನೂ ಒಟ್ಟಿಗೆ ತೆಗೆದರೆ ಬಿದ್ದುಹೋಗುತ್ತದೆ; ಅದಕ್ಕೇ ಒಂದು ತೆಗೆದು ಒಂದು ಹಾಕಬೇಕು. "ನಮ್ಮ ಮೇಷ್ಟ್ರು ಅದಕ್ಕೆ ಜೀವ ಅಂತಿದ್ರು," ಎಂದರು ಇವರು.

ಇಬ್ಬರೂ ಕಸದ ಗುಂಡಿಯನ್ನು ಕೆದಕಿದೆವು. ಬೇಳೆಯ ಹೊಟ್ಟು, ಮಾವಿನ ಎಲೆಯ ತೊಟ್ಟು, ಬೆಲ್ಲಕ್ಕೆ ಸುತ್ತಿದ ತಾಳೆಗರಿ. ಎಲ್ಲದರ ನಡುವೆ ಬೆರಳುದ್ದದ ಒಂದು ಮರದ ಕಡ್ಡಿಯನ್ನು ಹೇಗೆ ಗುರುತಿಸುವುದು? ಕಡ್ಡಿಗಳೇನೋ ಬೇಕಾದಷ್ಟಿದ್ದವು. ಒಂದೊಂದನ್ನೂ ಎತ್ತಿ ನನ್ನ ಮುಖ ನೋಡುತ್ತಿದ್ದರು, ನನಗೇನೋ ಗೊತ್ತಿರುವ ಹಾಗೆ. ಕಡೆಗೆ ಬಿದಿರನ್ನು ಸೀಳಿ ಒಂದು ಮಾಡಿದರು. ಕಂಡಿಯೊಳಗೆ ತೂರಿಸಿದರು. ನಿಲ್ಲಲಿಲ್ಲ. ಅದನ್ನು ನಿಲ್ಲಿಸುವ ಕೈ ಊರು ಬಿಟ್ಟು ಹೋಗಿ ಎಷ್ಟೋ ಕಾಲವಾಗಿತ್ತು.

"ಅತ್ತೆಗೆ ಹೇಳಿಬಿಡಿ. ನಾಳೆ ಬಾರಿಸೋಕೆ ಆಗಲ್ಲ ಅಂತ," ಎಂದೆ.

"ಅವಳ ಮುಖ ನೋಡಿದ್ಯಾ ನೀನು?" ಎಂದರು. ನೋಡಿದ್ದೆ.

ಮಾರನೆಯ ದಿನ ಬುದ್ಧಿಯವರು ಬಂದರು. ಪಾದಪೂಜೆ ಆಯಿತು, ಪಾದೋದಕ ಹಂಚಿದರು. ನಡುಮನೆಯಲ್ಲಿ ನಿಲ್ಲಲು ಜಾಗವಿಲ್ಲದಷ್ಟು ಜನ. ಭಜನೆಯವರು ಹಾರ್ಮೋನಿಯಂ, ತಬಲ ಇಟ್ಟುಕೊಂಡು ಒಂದು ಪಕ್ಕ ಕೂತಿದ್ದರು. ಇವರು ಕುರ್ಚಿ ಎಳೆದುಕೊಂಡು ಕೂತು, ತಂತಿಯನ್ನು ಎಷ್ಟು ಸಾಧ್ಯವೋ ಅಷ್ಟು ಸಡಿಲ ಮಾಡಿ, ಬಲು ತಗ್ಗಿನಲ್ಲಿ ಶುರು ಮಾಡಿದರು. ತಗಡಿನ ದನಿ. ಬೆಲ್ಲದ ಕೋಣೆಯಲ್ಲಿ ನಾನು ಕೇಳಿದ್ದಕ್ಕೂ ಅದಕ್ಕೂ ನೆಂಟಸ್ತಿಕೆಯೇ ಇರಲಿಲ್ಲ. ಆದರೂ ಧಾಟಿ ಗುರುತು ಸಿಕ್ಕಿ ಹೆಂಗಸರು ಗುನುಗಿದರು. ಅತ್ತೆ ಕೈಮುಗಿದುಕೊಂಡು ನಿಂತಿದ್ದರು.

ಎರಡನೆಯ ವಚನಕ್ಕೆ ಭಜನೆಯವರೂ ಜೊತೆಗೂಡಲಿ ಎಂದು ಭಾವನವರು ಕೈಸನ್ನೆ ಮಾಡಿದರು. ಹಾರ್ಮೋನಿಯಂನವರು ಒಂದು ಸ್ವರದ ಮನೆ ಒತ್ತಿ ಹಿಡಿದು, "ಶ್ರುತಿ ಸೇರ್ತಿಲ್ಲ ಸ್ವಾಮಿ. ನಂದು ಏರ್ಸೋಕೆ ಇಳ್ಸೋಕೆ ಆಗಲ್ಲ. ನೀವೇ ಒಂಚೂರು ಏರ್ಸಿ," ಎಂದರು.

ಇವರ ಕೈ ಮೇಲಿನ ಬಿರಡೆಯ ಮೇಲೆ ನಿಂತಿತು. ತಲೆಯೆತ್ತಿ ಅತ್ತೆಯ ಕಡೆ ನೋಡಿದರು. ಅತ್ತೆ, ಹೂಂ ಬಾರ್ಸು ಎನ್ನುವ ಹಾಗೆ ತಲೆಯಾಡಿಸಿದರು. ಇವರು ಬಿರಡೆ ತಿರುಗಿಸಿದರು. ಒಂದು ತಂತಿ. ಇನ್ನೊಂದು. ಶ್ರುತಿ ಸೇರಿತು. ಕಮಾನು ಇಟ್ಟು ಎಳೆದರು. ನಿಜ ಹೇಳಬೇಕೆಂದರೆ, ಮೊದಲ ಸಾಲಿಗೆ ದನಿ ತುಂಬಿಕೊಂಡು ಬಂತು. ನನ್ನ ಅಂಗಾಲಿಗೂ ತಾಗಿತು.

ಎರಡನೆಯ ಸಾಲಿನಲ್ಲಿ, ಒಣಕೊಬ್ಬರಿ ಗಿಟುಕನ್ನು ಮೆಟ್ಟಿದ ಹಾಗೆ ಸದ್ದಾಯಿತು. ವಿಭೂತಿ ಎಳೆದಿದ್ದ ಜಾಗದಲ್ಲೇ ಮರ ಉದ್ದಕ್ಕೆ ಸೀಳಿ ಒಳಕ್ಕೆ ಕುಸಿಯಿತು. ತಂತಿಗಳು ಸಡಿಲಾಗಿ ಜೋತವು. ಇವರು ಕಮಾನನ್ನು ಹಾಗೇ ಹಿಡಿದುಕೊಂಡು ಕೂತಿದ್ದರು.

ಅತ್ತೆ ಬುದ್ಧಿಯವರ ಕಾಲಿಗೆ ಬಿದ್ದರು. "ಏನು ತಪ್ಪಾಯ್ತೋ ಗೊತ್ತಿಲ್ಲ ಬುದ್ಧಿ. ಕುರಿ ಕರುಳು ಕಟ್ಟಿತ್ತು ಅಂತ ಅದನ್ನ ತೆಗೆಸಿ ಹೊಸ ತಂತಿ ಹಾಕ್ಸಿದ್ದೆ. ತಮ್ಮ ಮುಂದೆ ಮೈಲಿಗೆ ಆಗಬಾರದು ಅಂತ."

ಬುದ್ಧಿಯವರಿಗೆ ವಯಸ್ಸಾಗಿತ್ತು, ಮಾತು ಮೃದು. ಕೂತಲ್ಲಿಂದಲೇ ತಬಲದ ಕಡೆ ನೋಡಿದರು. "ಅದಕ್ಕೆ ಹೊದಿಸಿರೋದು ಏನು ತಾಯಿ? ಚರ್ಮವೇ ಅಲ್ವಾ? ಅದು ಇಷ್ಟು ದಿನ ನಿಮ್ಮ ನಡುಮನೇಲಿ ನುಡೀತಿಲ್ವಾ? ನಮಗೆ ಎಲ್ಲಿಯ ಮೈಲಿಗೆ? ಕರುಳೇ ಇರಲಿ ಬುಡಿ ಅಂತಿದ್ದೆ, ಒಂದು ಮಾತು ಕೇಳಿದ್ರೆ."

ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತೇ. ಅತ್ತೆ ತಬಲದ ಕಡೆ ತಿರುಗಿ ನೋಡಿದರು. ನನ್ನ ಮದುವೆಗೂ, ಅದಕ್ಕೂ ಹಿಂದೆ ಎಷ್ಟೋ ಶಿವರಾತ್ರಿಗೂ ಅದೇ ಜಾಗದಲ್ಲಿ ನುಡಿದ ತಬಲ. ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು ಅಡುಗೆಮನೆಗೆ ಹೋಗಿ, ಎಲ್ಲರಿಗೂ ಹೋಳಿಗೆ ಬಡಿಸಿ ಎಂದು ನನಗೆ ಹೇಳಿ, ಗೋಡೆಯ ಕಡೆ ಮುಖ ಮಾಡಿ ಕೂತರು.

ಹೊರಡುವಾಗ ಬುದ್ಧಿಯವರು ಇವರ ಹೆಗಲ ಮೇಲೆ ಕೈಯಿಟ್ಟರು. "ಸ್ಕೂಲಿಗೆ ಬಾ ತಮ್ಮ. ಮಕ್ಕಳಿಗೆ ಪ್ರಾರ್ಥನೆ ಹೇಳ್ಕೊಡೋಕೆ ಹಾರ್ಮೋನಿಯಂ ಸಾಕು. ಅದು ನಿನಗೆ ಒಂದು ವಾರದ ವಿದ್ಯೆ."

ಕೆಲಸ ಸಿಕ್ಕಿತು. ಇಂಥದ್ದನ್ನೇ ಅಲ್ಲವೇ ಎಲ್ಲರೂ ಬೇಡಿಕೊಂಡದ್ದು ಎಂದು ನೆಂಟರು ಸಂತೋಷಪಟ್ಟರು. ಕವಾಯತಿನ ಬ್ಯಾಂಡಿಗೆ ಇವರು ಹೋಗಲಿಲ್ಲ, ಹಾರ್ಮೋನಿಯಂ ಮೇಷ್ಟರಾದರು.

ಬಡಗಿಯೊಬ್ಬ ಬಿಸಿ ಅಂಟು ಹಾಕಿ ಸೀಳನ್ನು ಕೂಡಿಸಿದ. ಕೂಡಿತು, ಆದರೆ ಹೊಟ್ಟೆಯ ತಗ್ಗು ಹಾಗೇ ಉಳಿಯಿತು. ಮುಂಬಯಿಗೆ ಹೋಗಿದ್ದ ಜೊತೆಗಾರ ಒಂದು ದಸರಾಕ್ಕೆ ಬಂದಾಗ ಅದನ್ನು ನೋಡಿ ತಲೆಯ ಮೇಲಿದ್ದ ಟೋಪಿ ತೆಗೆದ. "ಅಲ್ಲೂ ಇದನ್ನ ರಿಪೇರಿ ಮಾಡೋರು ಇಲ್ಲ ಕಣಯ್ಯ. ಮಾಡ್ಸಿದ್ರೂ ಹಳೇ ದನಿ ಬರಲ್ಲ," ಎಂದ. ಇವರು, "ಗೊತ್ತು," ಎಂದರು. ಅವನಿಗೆ ಕಾಫಿ ಕೊಟ್ಟು ಮುಂಬಯಿಯ ಮಳೆಯ ವಿಷಯ ಕೇಳಿದರು.

ಚೋದ್ಯವೇನೆಂದರೆ, ಅತ್ತೆ ಅದನ್ನು ಮತ್ತೆ ಹೊರಗಿನ ಕೋಣೆಗೆ ಹೋಗಗೊಡಲಿಲ್ಲ. ನಡುಮನೆಯಲ್ಲೇ ಇತ್ತು. ದಿನವೂ ಧೂಳು ಒರೆಸುತ್ತಿದ್ದರು. ಬಂದವರು, "ಇದೇನಜ್ಜಿ?" ಎಂದರೆ, "ನನ್ನ ಮಗಂದು," ಎನ್ನುತ್ತಿದ್ದರು. ಇವರು ಮನೆಯೊಳಗೆ ಓಡಾಡುವಾಗ ಆ ಕಡೆ ನೋಡದೆ, ಗೋಡೆಯ ಪಕ್ಕದಿಂದ ಹಾದುಹೋಗುವುದನ್ನು ಕಲಿತರು. ಹಾರ್ಮೋನಿಯಂ ಮನೆಗೆ ತರಲೇ ಇಲ್ಲ.

ಕಡೆಯ ದಿನಗಳಲ್ಲಿ ಹಾಸಿಗೆ ಹಿಡಿದಾಗ ಅತ್ತೆ ಇವರನ್ನು ಹತ್ತಿರ ಕರೆದರು. ನಾನು ಕಾಲೊತ್ತುತ್ತಿದ್ದೆ.

"ನಿಜ ಹೇಳು ಮಗ. ಅದು ನನ್ನಿಂದಲೇ ಅಲ್ವಾ?"

"ಹಳೇ ಮರ ಅವ್ವ. ಯಾವತ್ತಾದ್ರೂ ಒಡೀತಿತ್ತು."

"ಇವಳ ಕಡೆ ನೋಡ್ಕೊಂಡು ಹೇಳು."

ಇವರು ನನ್ನ ಕಡೆ ನೋಡಿ, ಅದೇ ಮಾತನ್ನು ಅದೇ ದನಿಯಲ್ಲಿ ಹೇಳಿದರು. ಅತ್ತೆ ನಂಬಲಿಲ್ಲ. ನಂಬದೆಯೇ ಹೋದರು.

ಅವರು ಹೋದ ಮೇಲೂ ಅದನ್ನು ಯಾರೂ ಕದಲಿಸಲಿಲ್ಲ. ಇವರು ಕೋಟು ತೊಟ್ಟು ಸ್ಕೂಲಿಗೆ ಹೋಗುತ್ತಿದ್ದರು, ಬರುತ್ತಿದ್ದರು. ಒಂದು ಸಂಜೆ ನಾನು ಒಲೆಯಿಂದ ಆಗಷ್ಟೇ ಇಳಿಸಿದ ಕಾಫಿಯನ್ನು ಹಿತ್ತಾಳೆಯ ಲೋಟದಲ್ಲಿ ತಂದು ಕೊಟ್ಟೆ. ಎಷ್ಟು ಬಿಸಿಯಿದ್ದರೂ ಎಡಗೈ ಬೆರಳ ತುದಿಯಲ್ಲೇ ಹಿಡಿದು ಕುಡಿಯುವುದು ಅವರ ರೂಢಿ. ತಂತಿ ಒತ್ತಿ ಒತ್ತಿ ಆ ತುದಿಗಳಲ್ಲಿ ಚರ್ಮ ಕೊಂಬಿನಂತೆ ಗಟ್ಟಿಯಾಗಿತ್ತು, ಬಿಸಿ ತಾಗುತ್ತಲೇ ಇರಲಿಲ್ಲ. ಆ ಸಂಜೆ ಲೋಟ ಹಿಡಿದವರು ತಟ್ಟನೆ ಕೆಳಗಿಟ್ಟರು. ಬೆರಳುಗಳನ್ನು ಬೆಳಕಿಗೆ ತಿರುಗಿಸಿ ನೋಡಿದರು. ನನ್ನ ಬೆರಳಿನಂತೆಯೇ ಮೆತ್ತಗೆ, ಕೆಂಪಗೆ ಇದ್ದವು.

"ಸುಡ್ತಿದೆ ಕಣೇ," ಎಂದರು.

ನಾನು ಒಳಗೆ ಹೋಗಿ ಬಟ್ಟಲು ತಂದೆ. ಆರಿಸಿ ಕೊಟ್ಟೆ.